ಕೆರೆಯ ಮೇಲೆ ಮನುಷ್ಯರ ಪರಿಣಾಮ: ವಿದ್ಯಾರ್ಥಿ ಪ್ರಾಜೆಕ್ಟ್ ಕೈಕೊಡದಂತೆ ಮಾಡುವುದು ಹೇಗೆ

ಪರಿಸರ ಪ್ರಾಜೆಕ್ಟ್ ಅಂದ ಕೂಡಲೇ ವಿದ್ಯಾರ್ಥಿಗಳಿಗೆ ನೆನಪಾಗುವುದು ಕೆರೆ. ಊರ ಪಕ್ಕದಲ್ಲೇ ಇರುತ್ತದೆ, ಖರ್ಚು ಕಡಿಮೆ, ಕೊಳಕಾಗಿದೆ ಅಂತ ಎಲ್ಲರಿಗೂ ಗೊತ್ತು. ಒಂದು ಭಾನುವಾರ ಹೋಗಿ ಎರಡು ಬಾಟಲಿ ನೀರು ತುಂಬಿಕೊಂಡು ಬಂದು, ಪಿಎಚ್ 8.1, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) 640 ಅಂತ ಬರೆದು, ಕೊನೆಗೆ "ಮಾನವ ಚಟುವಟಿಕೆಯಿಂದ ಕೆರೆ ಕಲುಷಿತಗೊಂಡಿದೆ" ಅಂತ ಮುಗಿಸುತ್ತಾರೆ. ವೈವಾದಲ್ಲಿ ಪರೀಕ್ಷಕರು ಕೇಳುವುದು ಒಂದೇ ಪ್ರಶ್ನೆ: "640 ಜಾಸ್ತಿನಾ, ಕಡಿಮೆನಾ? ಯಾವುದಕ್ಕೆ ಹೋಲಿಸಿದರೆ?" ಉತ್ತರ ಇರುವುದಿಲ್ಲ.

ಇದು ಪಿಯು ಮತ್ತು ಪದವಿ ವಿದ್ಯಾರ್ಥಿಗಳಿಗೆ ಅಂತ ಬರೆದದ್ದು. ದುಬಾರಿ ಉಪಕರಣ ಬೇಕಿಲ್ಲ. ಆದರೆ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಬಹಳ ಪ್ರಾಜೆಕ್ಟುಗಳು ಕೆಡುವುದು ಮೊದಲ ಎರಡು ಹಂತಗಳನ್ನು ಹಾರಿಸಿ ಸೀದಾ ನೀರಿಗೆ ಕೈ ಹಾಕುವುದರಿಂದ.

## ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ನಮ್ಮೂರ ಕೆರೆಯ ಮಾಲಿನ್ಯದ ಅಧ್ಯಯನ" ಅನ್ನುವುದು ಪ್ರಶ್ನೆಯೇ ಅಲ್ಲ. ಅದಕ್ಕೆ "ಹೌದು" ಅಥವಾ "ಇಲ್ಲ" ಅಂತ ಯಾರೂ ಹೇಳಲಾರರು. ಹೀಗೆ ಕೇಳಿ: ರಾಜಕಾಲುವೆ ಬಂದು ಸೇರುವ ಜಾಗದಲ್ಲಿರುವ ಹುಳಗಳಿಗೂ ಕೋಡಿಯ ಹತ್ತಿರ ಇರುವ ಹುಳಗಳಿಗೂ ವ್ಯತ್ಯಾಸ ಇದೆಯಾ? ಅಂತರಗಂಗೆ ಮುಚ್ಚಿರುವ ಕಡೆಗೂ ತೆರೆದ ನೀರಿಗೂ ಬೆಳಗಿನ ಆಮ್ಲಜನಕದಲ್ಲಿ ಎಷ್ಟು ಅಂತರ? ವಾಕಿಂಗ್ ಪಾತ್ ಮಾಡಿದ ದಡಕ್ಕೂ ಜೊಂಡು ಬೆಳೆದ ದಡಕ್ಕೂ ಬರುವ ಹಕ್ಕಿಗಳು ಒಂದೇನಾ?

ಪ್ರಶ್ನೆಯಲ್ಲಿ ಮೂರು ವಿಷಯ ಇರಲೇಬೇಕು: ಮನುಷ್ಯರು ಮಾಡಿದ ಒಂದು ಕೆಲಸ, ನೀವು ಅಳೆಯಬಲ್ಲ ಒಂದು ಸಂಗತಿ, ಮತ್ತು ಹೋಲಿಸಲು ಇನ್ನೊಂದು ಜಾಗ ಅಥವಾ ಸಮಯ. ಮೂರನೆಯದು ಇಲ್ಲದಿದ್ದರೆ ಪ್ರಶ್ನೆ ಇನ್ನೂ ಸಿದ್ಧವಾಗಿಲ್ಲ.

## ಹಂತ 2: ಹೋಲಿಕೆ ಯಾವುದರ ಜೊತೆ ಅಂತ ಮೊದಲೇ ತೀರ್ಮಾನಿಸಿ

ಉಳಿದ ಎಲ್ಲ ಹಂತ ಸೇರಿದರೂ ಈ ಒಂದು ಹಂತದಷ್ಟು ಮುಖ್ಯ ಅಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ವಿದ್ಯಾರ್ಥಿಗಳಿಗೆ ಬಲು ಪ್ರಿಯವಾದ ಗಣಪತಿ ವಿಸರ್ಜನೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ವಿಸರ್ಜನೆಯ ಮರುದಿನ ಹೋಗಿ ನೀರು ತರುತ್ತಾರೆ. ನೀರು ಬಗ್ಗಡ. ಗಣಪತಿಯಿಂದ ಆಗಿದೆ ಅಂತ ಬರೆಯುತ್ತಾರೆ. ಆದರೆ ಹಬ್ಬ ಬರುವುದು ಮಳೆಗಾಲದಲ್ಲಿ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್. ಆ ವಾರ ಮಳೆ ಬಂದಿದ್ದರೆ ಗಣಪತಿ ಬಿಡದ ಕೆರೆಯೂ ಬಗ್ಗಡವಾಗಿರುತ್ತದೆ, ಅಲ್ವಾ?

ಹಾಗಾಗಿ ನಾಲ್ಕು ಅಳತೆ ಬೇಕು. ಗಣಪತಿ ಬಿಡುವ ಕೆರೆಯಲ್ಲಿ ಹಬ್ಬಕ್ಕೆ ಮೊದಲು ಮತ್ತು ನಂತರ. ಬಿಡದ ಇನ್ನೊಂದು ಕೆರೆಯಲ್ಲೂ ಅದೇ ದಿನಗಳಲ್ಲಿ ಮೊದಲು ಮತ್ತು ನಂತರ. ಗಣಪತಿ ಬಿಟ್ಟ ಕೆರೆಯಲ್ಲಿ ಮೊದಲು 60 ಸೆಂಟಿಮೀಟರ್ ಆಳದವರೆಗೆ ಕಾಣುತ್ತಿತ್ತು, ಆಮೇಲೆ 25ಕ್ಕೆ ಇಳಿಯಿತು ಅಂದುಕೊಳ್ಳಿ. ಅಂದರೆ 35 ಇಳಿಕೆ. ಪಕ್ಕದ ಕೆರೆಯಲ್ಲಿ 70 ಇದ್ದದ್ದು 50 ಆಯಿತು, 20 ಇಳಿಕೆ. ಈ 20 ಮಳೆಯದ್ದು. ವಿಸರ್ಜನೆಯ ಪಾಲು ಅಂತ ನೀವು ಹೇಳಬಹುದಾದದ್ದು ಉಳಿದ 15 ಮಾತ್ರ. ಎರಡನೇ ಕೆರೆ ನೋಡದಿದ್ದರೆ 35 ಪೂರ್ತಿ ಗಣಪತಿಯ ತಲೆಗೇ ಕಟ್ಟುತ್ತಿದ್ದಿರಿ.

ಇನ್ನೊಂದು ಮಾತು. ಹಲವು ಕಡೆ ಈಗ ವಿಸರ್ಜನೆ ನಡೆಯುವುದು ಕೆರೆಯಲ್ಲಲ್ಲ, ಪಕ್ಕದಲ್ಲಿ ಕಟ್ಟಿಸಿದ ಕಲ್ಯಾಣಿಯಲ್ಲಿ. ಅದನ್ನು ನೋಡದೆ ಕೆರೆಯ ನೀರು ತಂದರೆ ಎಲ್ಲವೂ ವ್ಯರ್ಥ.

ಹೋಲಿಕೆಯ ಕೆರೆ ಹೇಗಿರಬೇಕು? ಹೆಚ್ಚುಕಡಿಮೆ ಅದೇ ಗಾತ್ರ, ಅದೇ ಆಳ, ಅದೇ ಮಣ್ಣು, ಹತ್ತಿರದ ಊರು. ನೀವು ಪರೀಕ್ಷಿಸುವ ಆ ಒಂದು ವಿಷಯ ಮಾತ್ರ ಬೇರೆ ಇರಬೇಕು. ಕೋಲಾರದ ಕಡೆಯ ವಿದ್ಯಾರ್ಥಿಗಳಿಗೆ ಇದು ಕೈಗೆ ಸಿಕ್ಕಿದ ಅವಕಾಶ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಹಲವು ಕೆರೆಗಳಿಗೆ ಬರುತ್ತಿದೆ. ಅದೇ ತಾಲ್ಲೂಕಿನಲ್ಲಿ ಬರೀ ಮಳೆ ನೀರಿನ ಕೆರೆಗಳೂ ಇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಇನ್ನೊಂದು ಕೆರೆ ಸಿಗದಿದ್ದರೆ ಒಂದೇ ಕೆರೆಯೊಳಗೆ ಹೋಲಿಸಿ: ಕಾಲುವೆ ಸೇರುವ ಕಡೆ, ನಡುವೆ, ಕೋಡಿ. ಆದರೆ ಆಗ ನೀವು ಆ ಒಂದು ಕೆರೆಯ ಬಗ್ಗೆ ಮಾತ್ರ ಮಾತಾಡಬಹುದು. "ಕರ್ನಾಟಕದ ಕೆರೆಗಳು" ಅಂತ ಶೀರ್ಷಿಕೆ ಕೊಡಬೇಡಿ.

ಇಲ್ಲೇ ಆಗುವ ಇನ್ನೊಂದು ತಪ್ಪು: ಒಂದೇ ಜಾಗದಲ್ಲಿ ನಿಂತು ಹತ್ತು ಬಾಟಲಿ ತುಂಬಿ "ಹತ್ತು ಮಾದರಿ" ಅಂತ ಬರೆಯುವುದು. ಒಬ್ಬನನ್ನೇ ಹತ್ತು ಸಲ ಕೇಳಿ ಹತ್ತು ಜನರ ಅಭಿಪ್ರಾಯ ಅಂದಂತೆ ಅದು. ಪ್ರತಿ ವಲಯದಲ್ಲೂ ದೂರ ದೂರದ ಕನಿಷ್ಠ ಮೂರು ಜಾಗ ಇರಲಿ. ಅದೇ ಜಾಗಗಳಿಗೆ ಬೇರೆ ಬೇರೆ ದಿನ ಮತ್ತೆ ಹೋಗಿ.

## ಹಂತ 3: ಹೊರಡುವ ಮೊದಲು ನಕ್ಷೆ ಮತ್ತು ಅನುಮತಿ

ಗೂಗಲ್ ಅರ್ಥ್ ಪ್ರೋ ಉಚಿತ. ಅದರಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷದ ಪ್ರಕಾರ ನೋಡಬಹುದು. ಕೆರೆಯ ಸುತ್ತ ಲೇಔಟ್ ಯಾವಾಗ ಬಂತು, ಗದ್ದೆ ಯಾವಾಗ ಹೋಯಿತು, ಜಲಕಳೆ ಎಷ್ಟು ಹರಡಿದೆ ಅಂತ ಗೆರೆ ಎಳೆದು ವಿಸ್ತೀರ್ಣ ಅಳೆಯಿರಿ. ಎಚ್ಚರಿಕೆ: 2005ರ ಏಪ್ರಿಲ್ ಚಿತ್ರವನ್ನು 2022ರ ನವೆಂಬರ್ ಚಿತ್ರದ ಜೊತೆ ಹೋಲಿಸಬೇಡಿ. ಬೇಸಿಗೆಯ ಕೆರೆ ಚಿಕ್ಕದು, ಮಳೆ ಮುಗಿದ ಮೇಲಿನ ಕೆರೆ ದೊಡ್ಡದು. ಒಂದೇ ತಿಂಗಳ ಚಿತ್ರಗಳನ್ನೇ ಆರಿಸಿ.

ಕೆರೆಯ ಮೂಲ ಗಡಿ ತಿಳಿಯಲು ಕಂದಾಯ ಇಲಾಖೆಯ ಗ್ರಾಮ ನಕ್ಷೆ ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆದರೆ ಮೊಬೈಲ್ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಅದನ್ನೇ ನಂಬಿ "ಇಂಥವರ ಮನೆ ಒತ್ತುವರಿ" ಅಂತ ವರದಿಯಲ್ಲಿ ಬರೆದರೆ ಜಗಳಕ್ಕೆ ದಾರಿ. ಒತ್ತುವರಿ ನಿಮ್ಮ ಪ್ರಾಜೆಕ್ಟಿನ ವಿಷಯ ಅಲ್ಲದಿದ್ದರೆ ಸುಮ್ನೆ ಅದರ ಸುದ್ದಿಗೆ ಹೋಗಬೇಡಿ.

ಅನುಮತಿ ಯಾರದ್ದು? ಅಚ್ಚುಕಟ್ಟು 40 ಹೆಕ್ಟೇರ್ ದಾಟಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ. ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿ. ನಗರದೊಳಗಾದರೆ ಪಾಲಿಕೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಇಟ್ಟುಕೊಳ್ಳಿ. ಕೆರೆ ಅರಣ್ಯ ಅಥವಾ ಪಕ್ಷಿಧಾಮದ ಒಳಗಿದ್ದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಬಸವನಹುಳುವನ್ನೂ ಎತ್ತಬೇಡಿ.

ಕಾಗದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವವರು ಮೀನಿನ ಗುತ್ತಿಗೆ ಹಿಡಿದವರು. ಮೊದಲೇ ಮಾತಾಡಿಸಿ. ಮೀನಿಗೆ ಯಾವ ದಿನ ಆಹಾರ ಹಾಕುತ್ತಾರೆ, ಯಾವಾಗ ಬಲೆ ಎಳೆಯುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ಬಲೆ ಎಳೆದ ದಿನ ತೆಗೆದ ಬಗ್ಗಡದ ಅಳತೆ ಯಾವ ಉಪಯೋಗಕ್ಕೂ ಬರುವುದಿಲ್ಲ.

## ಹಂತ 4: ಸಾಮಾನು

ಥರ್ಮಾಮೀಟರ್, ಪಿಎಚ್ ಪೆನ್, ಟಿಡಿಎಸ್ ಪೆನ್, ಹಗ್ಗ ಕಟ್ಟಿದ ಬಕೆಟ್, ಮಾದರಿ ಬಾಟಲಿಗಳು, ಐಸ್ ಹಾಕಿದ ಡಬ್ಬ, ಬಿಳಿ ಟ್ರೇ, ಕೈಬಲೆ, ಪೆನ್ಸಿಲ್, ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಪೆನ್ಸಿಲ್ ಯಾಕೆ ಅಂದರೆ ಪೆನ್ನಿನ ಶಾಯಿ ನೀರು ಬಿದ್ದರೆ ಹರಡುತ್ತದೆ.

ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು ಸೆಕ್ಕಿ ಡಿಸ್ಕ್ ಮನೆಯಲ್ಲೇ ಮಾಡಿಕೊಳ್ಳಿ. 20 ಸೆಂಟಿಮೀಟರ್ ಅಗಲದ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ ಹಚ್ಚಿ, ಕೆಳಗೆ ಭಾರ ಕಟ್ಟಿ, ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗುರುತು ಹಾಕಿ. ಇಳಿಸುತ್ತಾ ಹೋಗಿ ತಟ್ಟೆ ಮರೆಯಾಗುವ ಆಳ, ಮೇಲೆತ್ತುವಾಗ ಮತ್ತೆ ಕಾಣುವ ಆಳ, ಎರಡರ ಸರಾಸರಿ. ತಟ್ಟೆ ತಳ ಮುಟ್ಟಿದರೂ ಕಾಣುತ್ತಿದ್ದರೆ "ತಳದವರೆಗೆ ಕಾಣುತ್ತದೆ" ಅಂತಲೇ ಬರೆಯಿರಿ, ಆ ಆಳವನ್ನು ಫಲಿತಾಂಶ ಅಂತ ಹಾಕಬೇಡಿ.

ಪಿಎಚ್ ಪೆನ್ನನ್ನು ಹೋಗುವ ದಿನವೇ ಬಫರ್ ದ್ರಾವಣದಲ್ಲಿ (ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವ ದ್ರಾವಣ) ಸರಿಪಡಿಸಿಕೊಳ್ಳಿ. ಟಿಡಿಎಸ್ ಪೆನ್ ನಿಜವಾಗಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಅಂಶದಿಂದ ಗುಣಿಸಿ ಟಿಡಿಎಸ್ ಅಂತ ತೋರಿಸುತ್ತದೆ. ಕೊಳಚೆ ಸೇರಿದರೆ ಅದು ಏರುತ್ತದೆ, ನಿಜ. ಆದರೆ ಬಯಲುಸೀಮೆಯಲ್ಲಿ ಬೋರ್‌ವೆಲ್ ನೀರಿನ ಟಿಡಿಎಸ್ಸೇ ಜಾಸ್ತಿ ಇರುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಂತೆಯೂ ಏರುತ್ತದೆ. ಅದೊಂದನ್ನೇ ನಂಬಿ ಮಾಲಿನ್ಯ ಅನ್ನಬೇಡಿ.

ಕುಡಿಯುವ ನೀರಿಗೆ ಬಳಸುವ, ಕಪ್ಪಾದರೆ ಮಲದ ಕಲ್ಮಶ ಅನ್ನುವ ಸಣ್ಣ ಬಾಟಲಿಗೆ ದುಡ್ಡು ಹಾಕಬೇಡಿ. ದನ ಇಳಿಯುವ, ಹಕ್ಕಿ ಕೂರುವ ತೆರೆದ ಕೆರೆಯಲ್ಲಿ ಅದು ಹೆಚ್ಚುಕಡಿಮೆ ಎಲ್ಲೆಡೆ ಕಪ್ಪಾಗುತ್ತದೆ. ಎಲ್ಲೆಡೆ ಒಂದೇ ಉತ್ತರ ಬರುವ ಪರೀಕ್ಷೆಯಿಂದ ಹೋಲಿಕೆ ಆಗುವುದಿಲ್ಲ.

## ಹಂತ 5: ಕೆರೆ ಬಳಿ ಯಾವುದು ಮೊದಲು, ಯಾವುದು ಆಮೇಲೆ

ಹಕ್ಕಿ ಮೊದಲು. ನೀವು ನೀರಿಗೆ ಹತ್ತಿರ ಹೋದ ಕೂಡಲೇ ಬೆಳ್ಳಕ್ಕಿ, ನೀರುಕಾಗೆ ಎದ್ದು ಹೋಗುತ್ತವೆ, ಗುಳುಮುಳುಕ ಮುಳುಗುತ್ತದೆ. ದೂರದಲ್ಲಿ ನಿಂತು ಪ್ರತಿ ವಲಯಕ್ಕೂ ಒಂದೇ ಅವಧಿ, ಉದಾಹರಣೆಗೆ 15 ನಿಮಿಷ, ಎಣಿಸಿ. ನಾಮದ ಕೋಳಿ, ಬಾತುಗಳಂಥವು ಚಳಿಗಾಲದಲ್ಲಿ ಜಾಸ್ತಿಯಾಗುತ್ತವೆ. ಜನವರಿ ಮತ್ತು ಮೇ ಎಣಿಕೆ ಹೋಲಿಸಿ "ಹಕ್ಕಿ ಕಡಿಮೆಯಾಗಿವೆ" ಅನ್ನಬೇಡಿ.

ಆಮೇಲೆ ನೀರಿನ ಉಷ್ಣತೆ ಮತ್ತು ಆಮ್ಲಜನಕದ ಮಾದರಿ, ಕೆಸರು ಕದಡುವ ಮೊದಲೇ. ನಂತರ ಪಿಎಚ್, ಟಿಡಿಎಸ್, ಪ್ರಯೋಗಾಲಯಕ್ಕೆ ಒಯ್ಯುವ ಬಾಟಲಿ. ಬಾಟಲಿಯನ್ನು ಅದೇ ಕೆರೆಯ ನೀರಿನಿಂದ ಮೂರು ಸಲ ತೊಳೆದು, ಮೇಲಿನ ಕೆನೆ ಬಿಟ್ಟು 20–30 ಸೆಂಟಿಮೀಟರ್ ಕೆಳಗಿನಿಂದ ತುಂಬಿ. ಸೆಕ್ಕಿ ಡಿಸ್ಕ್ ಅನ್ನು ಬಿಸಿಲು ಚೆನ್ನಾಗಿ ಏರಿದ ಮೇಲೆ, ಎಲ್ಲ ಜಾಗದಲ್ಲೂ ಒಂದೇ ಹೊತ್ತಿಗೆ ನೋಡಿ. ಹುಳ ಹಿಡಿಯುವುದು ಎಲ್ಲದಕ್ಕಿಂತ ಕೊನೆಗೆ, ಯಾಕೆಂದರೆ ಆಗ ತಳವೆಲ್ಲ ಕಲಕುತ್ತದೆ.

ಹಾಳೆಯಲ್ಲಿ ಜಾಗ, ದಿನಾಂಕ, ಗಂಟೆ, ಮೋಡ, ಹಿಂದಿನ ಎರಡು ದಿನದ ಮಳೆ ಇಷ್ಟಕ್ಕೂ ಮೊದಲೇ ಗೆರೆ ಹಾಕಿಕೊಂಡು ಹೋಗಿ. ಗಂಟೆ ಬರೆಯದ ಆಮ್ಲಜನಕದ ಅಂಕಿಯನ್ನು ಕಸದ ಬುಟ್ಟಿಗೆ ಹಾಕಬೇಕಾಗುತ್ತದೆ. ಯಾಕೆ ಅಂತ ಮುಂದಿನ ಹಂತದಲ್ಲಿದೆ.

ಜೀವದ ವಿಷಯ: ಒಬ್ಬರೇ ಹೋಗಬೇಡಿ. ಹೂಳಿನ ಮೇಲಿನ ನೀರು ಮೊಣಕಾಲುದ್ದ ಕಂಡರೂ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗಬಹುದು. ಕೆರೆಗೆ ಇಳಿಯಬೇಡಿ, ದಡದಿಂದ ಅಥವಾ ತೂಬಿನ ಕಟ್ಟೆಯಿಂದ ಬಕೆಟ್ ಎಸೆದು ತೆಗೆಯಿರಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿದರೂ ಆ ಕೆಲಸ ಬೇರೆಯವರಿಗೆ ಬಿಡಿ. ಇಲಿ ಜ್ವರ ಇಂಥ ನೀರಿನಿಂದಲೇ ಬರುತ್ತದೆ.

## ಹಂತ 6: ಆಮ್ಲಜನಕ, ಮೋಸ ಹೋಗುವ ಜಾಗ

ನೀರಿನಲ್ಲಿ ಕರಗಿದ ಆಮ್ಲಜನಕ ದಿನವಿಡೀ ಒಂದೇ ಇರುವುದಿಲ್ಲ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನು ಖಾಲಿ ಮಾಡುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಅತಿ ಕಡಿಮೆ, ಮಧ್ಯಾಹ್ನದ ನಂತರ ಅತಿ ಹೆಚ್ಚು.

ಈಗ ತಪ್ಪು ಹೇಗಾಗುತ್ತದೆ ನೋಡಿ. ಕೊಳಚೆ ಸೇರಿ ಹಸಿರುಗಟ್ಟಿದ ಕೆರೆಗೆ ಮಧ್ಯಾಹ್ನ ಎರಡಕ್ಕೆ ಹೋದರೆ ಲೀಟರಿಗೆ 12 ಮಿಲಿಗ್ರಾಂ ಸಿಗಬಹುದು. ಪುಸ್ತಕದಲ್ಲಿ 4ಕ್ಕಿಂತ ಜಾಸ್ತಿ ಇದ್ದರೆ ಮೀನಿಗೆ ಪರವಾಗಿಲ್ಲ ಅಂತಿರುತ್ತದೆ. ವಿದ್ಯಾರ್ಥಿ "ಕೆರೆ ಆರೋಗ್ಯವಾಗಿದೆ" ಅಂತ ಬರೆದುಬಿಡುತ್ತಾನೆ. ನಿಜಕ್ಕೂ ಅದು ರೋಗದ ಲಕ್ಷಣ. 25 ಡಿಗ್ರಿಯಲ್ಲಿ ನೀರು ತಾನಾಗಿ ಹಿಡಿದಿಟ್ಟುಕೊಳ್ಳುವುದು ಸಮುದ್ರ ಮಟ್ಟದಲ್ಲಿ ಸುಮಾರು 8.2 ಮಿಲಿಗ್ರಾಂ, ಬೆಂಗಳೂರಿನ ಎತ್ತರದಲ್ಲಿ ಇನ್ನೂ ಕಡಿಮೆ, 7.4ರ ಆಸುಪಾಸು. ಅದನ್ನು ಬಹಳ ಮೀರಿದ ಅಂಕಿ ಬಂತು ಅಂದರೆ ಪಾಚಿ ಮಿತಿಮೀರಿದೆ ಅಂತ ಅರ್ಥ. ಅದೇ ಕೆರೆಯಲ್ಲಿ ಬೆಳಗಿನ ಜಾವ 1 ಮಿಲಿಗ್ರಾಂ ಇದ್ದರೂ ಆಶ್ಚರ್ಯವಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಸುದ್ದಿ ನೆನಪಿರಬಹುದು. ಅಂಥ ಘಟನೆಯ ಬೆನ್ನಿಗೇ ಮೀಟರ್ ಹಿಡಿದು ಹನ್ನೊಂದು ಗಂಟೆಗೆ ಹೋದರೆ ಅಂಕಿ ಚೆನ್ನಾಗಿಯೇ ಕಾಣಬಹುದು.

ಆದ್ದರಿಂದ ಎರಡು ಹೊತ್ತು ಅಳೆಯಿರಿ: ಬೆಳಕು ಹರಿಯುವ ಮೊದಲು ಒಮ್ಮೆ, ಮಧ್ಯಾಹ್ನ ಒಮ್ಮೆ. ಎರಡರ ನಡುವಿನ ಅಂತರವೇ ನಿಮ್ಮ ಫಲಿತಾಂಶ. ಪಿಎಚ್ ಕೂಡ ಹೀಗೇ ಮಧ್ಯಾಹ್ನಕ್ಕೆ ಏರುತ್ತದೆ, ಅದನ್ನೂ ಎರಡು ಹೊತ್ತು ಬರೆದುಕೊಳ್ಳಿ.

ಮೀಟರ್ ಇಲ್ಲದಿದ್ದರೆ ವಿಂಕ್ಲರ್ ವಿಧಾನ, ಅಂದರೆ ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವುದು. 300 ಮಿಲಿಲೀಟರಿನ ಬಿಒಡಿ ಬಾಟಲಿಯ (ಆಮ್ಲಜನಕದ ಪರೀಕ್ಷೆಗೆಂದೇ ಇರುವ ಗಾಜಿನ ಬಾಟಲಿ) ತಳಕ್ಕೆ ಸಣ್ಣ ಟ್ಯೂಬ್ ಇಳಿಸಿ, ನೀರು ಉಕ್ಕಿ ಹರಿಯುವವರೆಗೆ ತುಂಬಿ. ಒಂದು ಗುಳ್ಳೆಯೂ ಉಳಿಯಬಾರದು, ಗುಳ್ಳೆಯಲ್ಲಿರುವುದು ಹೊರಗಿನ ಗಾಳಿ. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಅಜೈಡ್, ಲ್ಯಾಬ್ ಕೈಪಿಡಿಯಲ್ಲಿ ಹೇಳಿದಷ್ಟು, ಪಿಪೆಟ್ ತುದಿ ನೀರೊಳಗೆ ಇರುವಂತೆ ಬಿಡಿ. ಮುಚ್ಚಳ ಹಾಕಿ ತಲೆಕೆಳಗು ಮಾಡಿ ಕಲಸಿ. ಕಂದು ಬಣ್ಣದ ಮಡ್ಡಿ ಕಂಡರೆ ಆಮ್ಲಜನಕ ಇದೆ. ಬಿಳಿಯಾಗಿಯೇ ಉಳಿದರೆ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿಗೇ ನಿಲ್ಲಿಸಿ, ಬಾಟಲಿಯನ್ನು ಕತ್ತಲ ಡಬ್ಬದಲ್ಲಿಟ್ಟು ಕಾಲೇಜಿಗೆ ತನ್ನಿ. ಗಂಧಕಾಮ್ಲ ಹಾಕುವುದು ಲ್ಯಾಬಿನಲ್ಲಿ, ಮೇಷ್ಟ್ರು ಪಕ್ಕದಲ್ಲಿದ್ದಾಗ, ಕನ್ನಡಕ ಹಾಕಿಕೊಂಡು, ಅದೇ ದಿನ. ಕೆರೆ ಏರಿಯ ಮೇಲೆ ಆಮ್ಲದ ಬಾಟಲಿ ಹಿಡಿದು ಓಡಾಡಬೇಡಿ.

ಆಮ್ಲ ಹಾಕಿದರೆ ಮಡ್ಡಿ ಕರಗಿ ಹಳದಿಯಾಗುತ್ತದೆ. ಅದರಲ್ಲಿ 200 ಮಿಲಿಲೀಟರ್ ತೆಗೆದು 0.025 ನಾರ್ಮಲ್ ಥಯೋಸಲ್ಫೇಟ್ ಹನಿಸಿ. ಬಣ್ಣ ತೆಳು ಹುಲ್ಲಿನಂತಾದಾಗ ಪಿಷ್ಟದ ದ್ರಾವಣ ಹಾಕಿ, ನೀಲಿ ಬರುತ್ತದೆ. ನೀಲಿ ಮೊದಲ ಸಲ ಮಾಯವಾದ ಕಡೆ ನಿಲ್ಲಿಸಿ. ಖರ್ಚಾದ ಮಿಲಿಲೀಟರುಗಳೇ ಲೀಟರಿಗೆ ಇಷ್ಟು ಮಿಲಿಗ್ರಾಂ ಆಮ್ಲಜನಕ. ಸ್ವಲ್ಪ ಹೊತ್ತಾದ ಮೇಲೆ ನೀಲಿ ಮತ್ತೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಪಿಷ್ಟವನ್ನು ಮೊದಲೇ ಸುರಿಯುವುದು, ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಥಯೋಸಲ್ಫೇಟನ್ನು ಮತ್ತೆ ಪರೀಕ್ಷಿಸದೆ ಬಳಸುವುದು, ಇವೆರಡೇ ಸಾಮಾನ್ಯ ತಪ್ಪುಗಳು.

## ಹಂತ 7: ಹುಳಗಳನ್ನು ಕೇಳಿ

ನೀರಿನ ಪರೀಕ್ಷೆ ಆ ಗಳಿಗೆಯ ವಿಷಯ ಹೇಳುತ್ತದೆ. ತಳದ ಹುಳಗಳು ವಾರಗಳ ವಿಷಯ ಹೇಳುತ್ತವೆ. ದಡದ ಗಿಡಗಳ ನಡುವೆ ಕೈಬಲೆಯನ್ನು ಪ್ರತಿ ಜಾಗದಲ್ಲೂ ಸರಿಯಾಗಿ ಮೂರು ನಿಮಿಷ ಆಡಿಸಿ, ಬಿಳಿ ಟ್ರೇಗೆ ಸುರಿಯಿರಿ. ಬಲೆಗೆ ಸೊಳ್ಳೆ ಪರದೆ ಬೇಡ, ಚಿಕ್ಕವೆಲ್ಲ ಜಾರಿ ಹೋಗುತ್ತವೆ. ಅರ್ಧ ಮಿಲಿಮೀಟರ್ ಕಣ್ಣಿನ ಬಟ್ಟೆ ಬೇಕು.

ಟ್ರೇಯನ್ನು ಒಂದೆರಡು ನಿಮಿಷ ಅಲುಗಾಡಿಸದೆ ಇಡಿ. ಕಸ ಅಂದುಕೊಂಡದ್ದು ಓಡಾಡಲು ಶುರುವಾಗುತ್ತದೆ. ಬಾಲಕ್ಕೆ ಮೂರು ಎಳೆ ಇರುವ ಮೇಫ್ಲೈ ಮರಿ, ಏರೋಪ್ಲೇನ್ ಚಿಟ್ಟೆಯ ಮರಿ ಬೇರೆ ಬೇರೆ ಬಗೆಯವು ಸಿಕ್ಕರೆ ನೀರು ಪರವಾಗಿಲ್ಲ. ದಾರದಂತೆ ನುಲಿಯುವ ಕೆಂಪು ಮರಿಹುಳು, ಟ್ಯೂಬಿಫೆಕ್ಸ್ ಹುಳು ಮಾತ್ರ ರಾಶಿ ಇದ್ದರೆ ಆಮ್ಲಜನಕಕ್ಕೆ ಬರ ಇದೆ ಅಂತ ತಿಳಿಯಿರಿ. ಆ ಕೆಂಪು ಹುಳುವಿನ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ, ಅದಕ್ಕೇ ಅದು ಉಸಿರುಗಟ್ಟುವ ಕೆಸರಿನಲ್ಲೂ ಬದುಕುತ್ತದೆ. ಜಾತಿ ಗುರುತಿಸಲು ಹೋಗಿ ಒದ್ದಾಡಬೇಡಿ. ಗುಂಪಿನ ಮಟ್ಟ ಸಾಕು. ಫೋಟೋ ತೆಗೆದು, ಎಣಿಸಿ, ವಾಪಸ್ ನೀರಿಗೆ ಬಿಡಿ.

## ಹಂತ 8: ಊರವರನ್ನು ಕೇಳುವ ರೀತಿ

"ಅಜ್ಜಿ, ಮೊದಲು ಕೆರೆ ನೀರು ಚೆನ್ನಾಗಿತ್ತಲ್ವಾ?" ಅಂದರೆ ಅಜ್ಜಿ "ಹೂಂ ಕಣಪ್ಪ" ಅನ್ನುತ್ತಾರೆ. ಅದು ಅಜ್ಜಿಯ ಉತ್ತರ ಅಲ್ಲ, ನಿಮ್ಮದೇ. "ನೀವು ಮದುವೆಯಾಗಿ ಬಂದಾಗ ಈ ನೀರನ್ನ ಏನೇನಕ್ಕೆ ಬಳಸ್ತಿದ್ರಿ? ಕುಡಿಯೋದು ಯಾವಾಗ ಬಿಟ್ರಿ? ಯಾಕೆ?" ಅಂತ ಕೇಳಿ. ಇಸವಿ ಯಾರಿಗೂ ನೆನಪಿರುವುದಿಲ್ಲ, ಮೊದಲ ಬೋರ್‌ವೆಲ್ ಕೊರೆದದ್ದು, ದೊಡ್ಡ ಬರ ಬಂದದ್ದು ನೆನಪಿರುತ್ತದೆ. ಕೆರೆ ಪಕ್ಕದವರು, ದೂರದವರು, ಹೆಂಗಸರು, ಮೀನು ಹಿಡಿಯುವವರು, ದನ ಕಾಯುವವರು ಎಲ್ಲರೂ ಇರಲಿ. ವರದಿಯಲ್ಲಿ ಹೆಸರು ಹಾಕಬೇಡಿ.

## ಹಂತ 9: ಅಂಕಿ ನಂಬುವ ಮೊದಲು

ಎಲ್ಲ ಜಾಗದಲ್ಲೂ ಪಿಎಚ್ ಒಂದೇ ಬಂದರೆ ಪೆನ್ ಕೆಟ್ಟಿರಬಹುದು, ಬಫರಿಗೆ ಹಾಕಿ ನೋಡಿ. ಒಂದು ಅಂಕಿ ಮಾತ್ರ ಉಳಿದವುಗಳಿಂದ ಬಹಳ ದೂರ ಇದ್ದರೆ ಅಳಿಸಬೇಡಿ. ಹಾಳೆಯಲ್ಲಿ ಆ ದಿನ ಏನಾಗಿತ್ತು ಅಂತ ಹುಡುಕಿ, ಕಾರಣ ಬರೆದು ಹಾಗೇ ಇಡಿ. ನೈಟ್ರೇಟ್, ಫಾಸ್ಫೇಟ್ ಪರೀಕ್ಷೆಗೆ ತುಂಬಿದ ಬಾಟಲಿ ಬಿಸಿಲಲ್ಲಿ ಬ್ಯಾಗಿನೊಳಗೆ ದಿನವಿಡೀ ಕೂತಿದ್ದರೆ ಆ ಫಲಿತಾಂಶ ಬಿಟ್ಟುಬಿಡಿ.

ಅಳೆಯದ್ದನ್ನು ಬರೆಯಬೇಡಿ. "ಗಣಪತಿಯ ಬಣ್ಣದಿಂದ ಸೀಸ ಸೇರಿದೆ" ಅನ್ನುವ ಸಾಲು ಬಹಳ ವರದಿಗಳಲ್ಲಿ ಇರುತ್ತದೆ, ಸೀಸ ಅಳೆದವರು ಮಾತ್ರ ಯಾರೂ ಇರುವುದಿಲ್ಲ. ಸರಾಸರಿಯ ಜೊತೆ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ಕೊಡಿ. ಎರಡು ವಲಯದ ಅಂಕಿಗಳು ಒಂದರೊಳಗೊಂದು ಬೆರೆತುಹೋಗಿದ್ದರೆ "ವ್ಯತ್ಯಾಸ ಕಾಣಲಿಲ್ಲ" ಅಂತ ಧೈರ್ಯವಾಗಿ ಬರೆಯಿರಿ. ಅದಕ್ಕೆ ಮಾರ್ಕ್ಸ್ ಕಡಿಮೆ ಮಾಡುವ ಪರೀಕ್ಷಕರು ಇದ್ದಾರೆ, ಗೊತ್ತು. ಹಾಗಂತ ಅಂಕಿ ತಿದ್ದಬೇಡಿ.

## ಹಂತ 10: ವರದಿ

ಮೊದಲ ಪುಟದಲ್ಲೇ ನಕ್ಷೆ, ಅದರಲ್ಲಿ ಮಾದರಿ ತೆಗೆದ ಜಾಗಗಳು, ಕಾಲುವೆ ಸೇರುವ ಬಾಯಿಗಳು. ಓಝೋನ್ ಪದರ, ಜಾಗತಿಕ ತಾಪಮಾನ ಅಂತ ಹತ್ತು ಪುಟ ಪೀಠಿಕೆ ಬೇಡ. ಪ್ರಶ್ನೆ, ಹೋಲಿಕೆ, ವಿಧಾನ, ಒಂದೆರಡು ಗ್ರಾಫ್, ಹೇಳಬಹುದಾದದ್ದು, ಹೇಳಲಾಗದ್ದು. ಕೆರೆ ಬಳಿ ಪೆನ್ಸಿಲ್‌ನಲ್ಲಿ ಬರೆದ ಹಾಳೆಗಳ ಫೋಟೋ ಕೊನೆಗೆ ಸೇರಿಸಿ, ಕೆಸರು ಮೆತ್ತಿದ್ದರೂ ಸರಿ. ಒಂದು ಪ್ರತಿಯನ್ನು ಎರಡು ಪುಟಕ್ಕೆ ಇಳಿಸಿ, ಕನ್ನಡದಲ್ಲಿ ಬರೆದು ಪಂಚಾಯಿತಿಗೂ ಗುತ್ತಿಗೆದಾರರಿಗೂ ಕೊಡಿ. ಮುಂದಿನ ವರ್ಷದ ಬ್ಯಾಚ್ ಅದೇ ಜಾಗಗಳಿಗೆ, ಅದೇ ತಿಂಗಳಲ್ಲಿ ಹೋಗುವಂತೆ ಜಿಪಿಎಸ್ ಅಂಕಿಗಳನ್ನು ವಿಭಾಗದ ಕಂಪ್ಯೂಟರಿನಲ್ಲಿ ಇಟ್ಟುಬನ್ನಿ.